ಕಿವಿಯಿಂದ ಶುರುವಾಗುವ ನಟನೆ

ಆಷಾಢದ ಮಳೆ ಸಾಗರ ಸೀಮೆಗೆ ಹೊತ್ತು ನೋಡಿ ಬರುವುದಿಲ್ಲ. ರಾತ್ರಿ ಹಿಡಿದದ್ದು ಬೆಳಗಾದರೂ ಬಿಟ್ಟಿರುವುದಿಲ್ಲ. ಹೆಗ್ಗೋಡಿನ ಹೆಂಚಿನ ಮಾಡಿನ ಮೇಲೆ ಒಂದು ಸದ್ದು, ಅಡಿಕೆ ತೋಟದ ಸೋಗೆಯ ಮೇಲೆ ಇನ್ನೊಂದು, ಕೆಮ್ಮಣ್ಣಿನ ಅಂಗಳದಲ್ಲಿ ನಿಂತ ನೀರಿನ ಮೇಲೆ ಮತ್ತೊಂದು. ನೀನಾಸಮ್ ರಂಗಶಿಕ್ಷಣ ಕೇಂದ್ರದ ಹೊಸ ತಂಡಕ್ಕೆ ಪಾಠ ಶುರುವಾಗುವುದು ಈ ಮಳೆಯಲ್ಲೇ. ಹಗ್ಗದ ಮೇಲೆ ಹರವಿದ ಬಟ್ಟೆ ಎರಡು ದಿನವಾದರೂ ಒಣಗಿಲ್ಲ. ಕೊಡೆಗಳು ಜಗಲಿಯಲ್ಲಿ ಬಾಯಿ ತೆರೆದು ಕೂತಿವೆ. ಒಳಗೆ, ಬರಿಗಾಲಲ್ಲಿ, ಸಡಿಲ ಪೈಜಾಮ ತೊಟ್ಟ ಹುಡುಗ ಹುಡುಗಿಯರು ಸುಮ್ಮನೆ ನಡೆಯುತ್ತಿದ್ದಾರೆ. ಅದೇ ಅವತ್ತಿನ ಪಾಠ: ಸುಮ್ಮನೆ ನಡೆಯುವುದು.

ನೋಡುವವರಿಗೆ ಇದೇನು ಮಹಾ ಎನಿಸಬಹುದು. ಆದರೆ ನಾಲ್ಕು ಜನ ನೋಡುತ್ತಿದ್ದಾರೆ ಅಂದಕೂಡಲೇ ನಡಿಗೆ ನಡಿಗೆಯಾಗಿ ಉಳಿಯುವುದಿಲ್ಲ. ಒಬ್ಬ ಎದೆ ಸೆಟೆಸಿ ಸಿನಿಮಾ ನಾಯಕನ ಹಾಗೆ ಬರುತ್ತಾನೆ. ಇನ್ನೊಬ್ಬನಿಗೆ ಕೈ ಎಲ್ಲಿಡಬೇಕೆಂದೇ ತಿಳಿಯುವುದಿಲ್ಲ. ಊರಿನಲ್ಲಿ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಟೈಪು ಮಾಡುತ್ತಿದ್ದವನ ಕತ್ತು ಮುಂದಕ್ಕೆ ಬಾಗಿದೆ. ವರ್ಷಗಟ್ಟಲೆ ತುಂಬಿದ ಬಸ್ಸಿನಲ್ಲಿ ಮೈ ಮುದುಡಿಕೊಂಡು ಕಾಲೇಜಿಗೆ ಹೋಗಿ ಬಂದ ಹುಡುಗಿಯ ಭುಜಗಳು ಈಗಲೂ ಒಳಕ್ಕೇ ಮಡಚಿಕೊಂಡಿವೆ. ದೇಹ ಎಲ್ಲವನ್ನೂ ಬರೆದಿಟ್ಟುಕೊಂಡಿರುತ್ತದೆ. ಆ ಬರಹವನ್ನು ತಾವೇ ಓದಲು ಕಲಿಯುವುದಕ್ಕೆ ಮೊದಲ ಕೆಲವು ವಾರಗಳು ಸಂದುಹೋಗುತ್ತವೆ. ಯೋಗಾಸನ, ಉಸಿರಾಟ, ಬೀಳುವುದು, ಬಿದ್ದವರು ಏಳುವುದು. ಪಾತ್ರದ ಮಾತಿರಲಿ, ನಾಟಕದ ಹೆಸರನ್ನೂ ಯಾರೂ ಎತ್ತುವುದಿಲ್ಲ.

ಬಂದವರು ಎಲ್ಲೆಲ್ಲಿಯವರು! ಬೀದರ, ರಾಯಚೂರು, ಕೊಳ್ಳೇಗಾಲ, ಕುಂದಾಪುರ, ಕೋಲಾರ. ವರ್ಷಕ್ಕೆ ಹದಿನೈದು ಇಪ್ಪತ್ತು ಮಂದಿಯ ಸಣ್ಣ ತಂಡ. ಕೆಲವರು ಡಿಗ್ರಿ ಮುಗಿಸಿದವರು, ಕೆಲವರು ಅರ್ಧಕ್ಕೆ ಬಿಟ್ಟವರು. ಊರ ಜಾತ್ರೆಯಲ್ಲಿ ದುರ್ಯೋಧನನ ಕಿರೀಟ ಹೊತ್ತವರಿದ್ದಾರೆ, ಶಾಲಾ ವಾರ್ಷಿಕೋತ್ಸವ ಬಿಟ್ಟರೆ ಬೇರೆ ವೇದಿಕೆ ಕಾಣದವರೂ ಇದ್ದಾರೆ. ಬಹುಪಾಲು ಮಂದಿಯ ಮನಸ್ಸಿನ ಮೂಲೆಯಲ್ಲೊಂದು ಸಿನಿಮಾ ಪೋಸ್ಟರ್ ಅಂಟಿಕೊಂಡಿರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆಸೆಯೇ ಇಲ್ಲದವರು ಮನೆ ಬಿಟ್ಟು ಇಷ್ಟು ದೂರ, ಇಷ್ಟು ಮಳೆಗೆ ಏಕೆ ಬಂದಾರು?

ಧ್ವನಿಯ ತರಗತಿಯಲ್ಲಿ ಮಳೆಯೂ ಒಬ್ಬ ಮೇಷ್ಟರು. ಮಾಡಿನ ಮೇಲಿನ ಸದ್ದನ್ನು ಮೀರಲು ಎಲ್ಲರೂ ಮೊದಲು ಮಾಡುವ ಕೆಲಸ ಕಿರುಚುವುದು. ಕಿರುಚಿದವರ ಗಂಟಲು ಸಂಜೆಯೊಳಗೆ ಕೂತುಹೋಗುತ್ತದೆ. ಆಮೇಲೆ ನಿಧಾನವಾಗಿ ಗೊತ್ತಾಗುತ್ತದೆ: ಬಲ ಗಂಟಲಲ್ಲಿಲ್ಲ, ಹೊಟ್ಟೆಯಲ್ಲಿ ತುಂಬಿಕೊಂಡು ಹದವಾಗಿ ಬಿಡುವ ಉಸಿರಿನಲ್ಲಿದೆ. ನೆಲದ ಮೇಲೆ ಮಲಗಿ, ಹೊಟ್ಟೆಯ ಮೇಲೊಂದು ಪುಸ್ತಕ ಇಟ್ಟುಕೊಂಡು, ಅದು ಏರುವುದನ್ನೂ ಇಳಿಯುವುದನ್ನೂ ಗಮನಿಸುತ್ತಾ ಒಂದೇ ಸ್ವರವನ್ನು ಹಿಡಿದು ನಿಲ್ಲಿಸುವ ಅಭ್ಯಾಸ. ನಂತರ ಅಕ್ಷರಗಳು. ಹಳೇ ಮೈಸೂರಿನ ಕಡೆಯವನ ಬಾಯಲ್ಲಿ ಹಕಾರ ಬಿದ್ದುಹೋಗಿ 'ಹಾಲು' 'ಆಲು' ಆಗುತ್ತದೆ. ಮಹಾಪ್ರಾಣಗಳು ಬಹಳ ಮಂದಿಗೆ ಕೈಕೊಡುತ್ತವೆ. ಶ, ಷ, ಸಗಳ ನಡುವಿನ ಗಡಿ ಅಳಿಸಿಹೋಗಿರುತ್ತದೆ.

"ನಮ್ಮೂರಾಗ ಹಿಂಗ ಅಂತೀವ್ರಿ ಸರ" ಎಂದು ಕಲಬುರಗಿ ಕಡೆಯ ಹುಡುಗ ಸಂಕೋಚದಿಂದ ಹೇಳುತ್ತಾನೆ.

"ಅದನ್ನ ಬಿಡು ಅಂತ ಯಾರೂ ಹೇಳ್ತಿಲ್ಲಪ್ಪ. ಅದು ನಿನ್ನ ಆಸ್ತಿ. ಪಕ್ಕದಲ್ಲಿ ಕೂತಿದಾಳಲ್ಲ, ಅವಳ ಕುಂದಾಪುರದ ಮಾತನ್ನೂ ಕಿವಿಗೊಟ್ಟು ಕೇಳು. ನಾಳೆ ಅವಳ ಹಾಗೆ ನೀನು, ನಿನ್ನ ಹಾಗೆ ಅವಳು ಮಾತಾಡಿ ತೋರಿಸಿ."

ಇಡೀ ವರ್ಷದ ಗುಟ್ಟು ಈ ಒಂದು ಮಾತಿನಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ನಟನಾಗಬೇಕೆಂದು ಬಂದವರು ಮಾತಾಡಲು ತವಕಿಸುತ್ತಿರುತ್ತಾರೆ. ಇಲ್ಲಿ ಅವರಿಗೆ ಮೊದಲು ಬೇಕಾದದ್ದು ಕಿವಿ. ಮರುದಿನ ಆ ಹುಡುಗ ಕುಂದಾಪುರದ ಮಾತಿಗೆ ಕೈ ಹಾಕಿ ಎಡವುತ್ತಾನೆ, ಎಲ್ಲರೂ ನಗುತ್ತಾರೆ, ಹುಡುಗಿ ತಿದ್ದುತ್ತಾಳೆ. ಒಂದು ವಾರದಲ್ಲಿ ಊಟದ ಪಂಕ್ತಿಯಲ್ಲೇ ಅದು ಆಟವಾಗುತ್ತದೆ. ಅನ್ನ ಬಡಿಸುವವರನ್ನು ಕೂಗುವುದು ಬೀದರದ ಧಾಟಿಯಲ್ಲಿ, ತಂಬುಳಿ ಕೇಳುವುದು ಮಲೆನಾಡಿನ ಧಾಟಿಯಲ್ಲಿ. ಕನ್ನಡವೆಂಬುದು ಎಷ್ಟು ಅಗಲದ ನುಡಿ ಎಂದು ಇಪ್ಪತ್ತು ವರ್ಷ ಕನ್ನಡವನ್ನೇ ಆಡಿದವರಿಗೆ ಅರಿವಾಗುವುದು ಇಂಥ ಪಂಕ್ತಿಯಲ್ಲಿ.

ಗದ್ಯದ ಬಾಯಿ ಒಂದು ಹದಕ್ಕೆ ಬಂದಮೇಲೆ ಪದ್ಯ. ಕುವೆಂಪು ಅವರ 'ಶ್ಮಶಾನ ಕುರುಕ್ಷೇತ್ರಂ' 1931ರ ನಾಟಕ. ಸರಳ ರಗಳೆಯಲ್ಲಿದೆ. ಪ್ರಾಸದ ಆಸರೆ ಇಲ್ಲ. ಸಾಲು ಮುಗಿದರೂ ಅರ್ಥ ಮುಗಿಯದೆ ಮುಂದಿನ ಸಾಲಿಗೆ ಹರಿಯುತ್ತದೆ. ಸಾಲಿನ ತುದಿಗೆ ಬಂದ ಕೂಡಲೇ ನಿಲ್ಲಿಸಿದರೆ ವಾಕ್ಯ ಮುರಿಯುತ್ತದೆ, ನಿಲ್ಲಿಸದಿದ್ದರೆ ಉಸಿರು ಕಟ್ಟುತ್ತದೆ. ಎಲ್ಲಿ ಉಸಿರೆಳೆಯಬೇಕು ಎಂಬುದನ್ನು ಶ್ವಾಸಕೋಶ ತೀರ್ಮಾನಿಸುವಂತಿಲ್ಲ, ಅರ್ಥ ತೀರ್ಮಾನಿಸಬೇಕು. ಹೀಗೆ ಉಸಿರನ್ನು ಅರ್ಥದ ಕೈಗೆ ಕೊಡುವುದನ್ನು ಕಲಿತವರಿಗೆ ಮುಂದೆ ಗಿರೀಶ ಕಾರ್ನಾಡರ 'ತುಘಲಕ್'ನ ಉದ್ದುದ್ದ ಮಾತುಗಳೂ ಅಷ್ಟಾಗಿ ಹೆದರಿಸುವುದಿಲ್ಲ.

ಈ ಊರಿನಲ್ಲಿ ನಾಟಕದ ಶಾಲೆ ಹುಟ್ಟಿದ್ದು ಹೇಗೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಸಾಗರದಿಂದ ಎಂಟು ಹತ್ತು ಕಿಲೋಮೀಟರ್ ಒಳಗಿರುವ ಹೆಗ್ಗೋಡಿನಲ್ಲಿ, ಊರ ದೇವರು ನೀಲಕಂಠೇಶ್ವರನ ಹೆಸರಿನಲ್ಲಿ ಒಂದು ನಾಟ್ಯಸೇವಾ ಸಂಘ 1949ರಲ್ಲಿ ಹುಟ್ಟಿಕೊಂಡಿತು. ಅದರ ಮೊದಲಕ್ಷರಗಳು ಕೂಡಿ ನೀನಾಸಮ್ ಆಯಿತು. ಅಡಿಕೆ ಕೃಷಿಕರಾಗಿದ್ದ ಕೆ.ವಿ. ಸುಬ್ಬಣ್ಣ ಅದನ್ನು ಬೆಳೆಸಿದರು. ಪುಸ್ತಕ ಪ್ರಕಾಶನ, ಚಿತ್ರಸಮಾಜ, ಶಿವರಾಮ ಕಾರಂತರ ಹೆಸರಿನ ರಂಗಮಂದಿರ ಒಂದೊಂದಾಗಿ ಬಂದವು. 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ಊರೂರು ಸುತ್ತುವ ನಾಟಕ ತಂಡ 'ತಿರುಗಾಟ'. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ತೀರಿಕೊಂಡದ್ದು 2005ರಲ್ಲಿ. ಇಷ್ಟು ಸಾಲದು, ನಿಜ. ಆದರೆ ಸುಬ್ಬಣ್ಣನವರ ಕಥೆ ಬೇರೆಯೇ ಒಂದು ದೊಡ್ಡ ಬರಹ ಕೇಳುತ್ತದೆ.

ಶಾಲೆಗಳಿಲ್ಲದ ಕಾಲದಲ್ಲಿ ನಟರು ತಯಾರಾಗುತ್ತಿದ್ದದ್ದು ಕಂಪನಿಗಳಲ್ಲಿ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ಡೇರೆಯಲ್ಲಿ ಎಷ್ಟು ಹುಡುಗರು ಬೆಳೆದರು! ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ ಅಪ್ಪನ ಜೊತೆ ಕಂಪನಿಯಲ್ಲೇ ಪಳಗಿ, 1954ರಲ್ಲಿ 'ಬೇಡರ ಕಣ್ಣಪ್ಪ'ದ ಹೊತ್ತಿಗೆ ರಾಜ್‌ಕುಮಾರ್ ಆದರು. ಬಂಟ್ವಾಳದ ಮಂಚಿಯಿಂದ ಮನೆ ಬಿಟ್ಟು ಹೊರಟ ಹುಡುಗ ಬಿ.ವಿ. ಕಾರಂತ ಸೇರಿಕೊಂಡದ್ದೂ ಗುಬ್ಬಿ ಕಂಪನಿಯನ್ನೇ. ಅವರನ್ನು ಕಾಶಿಗೆ ಓದಲು ಕಳಿಸಿದವರು ಗುಬ್ಬಿ ವೀರಣ್ಣನವರು. ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದ ಕಾರಂತರು 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಕಂಪನಿಯಲ್ಲಿ ಪಠ್ಯವಿರಲಿಲ್ಲ, ಗಂಟೆ ಹೊಡೆಯುತ್ತಿರಲಿಲ್ಲ. ಪ್ರತಿ ರಾತ್ರಿ ಸೈಡ್ ವಿಂಗಿನಲ್ಲಿ ನಿಂತು ದೊಡ್ಡ ನಟರ ಮಾತು, ಹಾಡು, ಅವರು ಎಲ್ಲಿ ನಿಲ್ಲಿಸುತ್ತಾರೆ, ಜನ ಎಲ್ಲಿ ನಗುತ್ತಾರೆ ಎಂಬುದನ್ನು ಕೇಳಿಸಿಕೊಳ್ಳುವುದೇ ಓದು. ಮೈಕಿಲ್ಲದ ಕಾಲಕ್ಕೆ ಹಾರ್ಮೋನಿಯಂ ಶ್ರುತಿಗೆ ಹೊಂದಿಸಿದ ಗಂಟಲು, ಕೊನೆಯ ಸಾಲಿನ ನೆಲದ ಮೇಲೆ ಕೂತವನಿಗೂ ತಲುಪಬೇಕೆಂಬ ಹಟ. ಅಲ್ಲಿಯೂ ವಿದ್ಯೆ ಕಿವಿಯಿಂದಲೇ ಇಳಿಯುತ್ತಿತ್ತು.

ಮತ್ತೆ ಹೆಗ್ಗೋಡು. ಮಧ್ಯಾಹ್ನದ ಊಟದ ಮೇಲೆ ಅಭಿನಯದ ಪಾಠ. ಕೋಣೆಯ ನಡುವೆ ಒಂದು ಖಾಲಿ ಕೊಡ. ಬಾವಿಯೂ ಇಲ್ಲ, ಹಗ್ಗವೂ ಇಲ್ಲ.

"ನೀರು ಸೇದಿಕೊಂಡು ಬಾ" ಎನ್ನುತ್ತಾರೆ ಮೇಷ್ಟರು.

ರಾಯಚೂರು ಕಡೆಯ ಹುಡುಗಿ ಎದ್ದು ನಿಲ್ಲುತ್ತಾಳೆ. ಅವಳಿಗೆ ಇದು ಆಟವಲ್ಲ, ಬೇಸಿಗೆಯ ಬದುಕು. ಹಗ್ಗ ಇಳಿಬಿಡುವಾಗ ಅವಳ ಅಂಗೈ ಸಡಿಲಾಗುತ್ತದೆ, ಎಳೆಯುವಾಗ ಒಂದು ಕಾಲು ತಾನಾಗಿ ಬಾವಿಯ ಕಟ್ಟೆಗೆ ಊರುತ್ತದೆ. ಕೊಡ ಸೊಂಟಕ್ಕೇರಿದ ಗಳಿಗೆಯಲ್ಲಿ ಇಡೀ ಬೆನ್ನುಹುರಿ ಇನ್ನೊಂದು ಕಡೆಗೆ ವಾಲುತ್ತದೆ. ಕೊಡ ಖಾಲಿ ಎಂಬುದನ್ನು ನೋಡುವವರು ಮರೆಯುತ್ತಾರೆ. ಪ್ರಶ್ನೆಗಳು ಶುರುವಾಗುತ್ತವೆ. ಬಾವಿ ಎಷ್ಟು ಆಳ? ಎಷ್ಟು ಹೊತ್ತಿಗೆ ಬಂದೆ? ನಿನಗಿಂತ ಮುಂಚೆ ಅಲ್ಲಿ ಯಾರಿದ್ದರು? ಮನೆಯಲ್ಲಿ ಯಾರು ಕಾಯುತ್ತಿದ್ದಾರೆ? ರಷ್ಯಾದ ಸ್ತಾನಿಸ್ಲಾವ್‌ಸ್ಕಿ ನಟರಿಗೆ ಕಲಿಸಿಕೊಟ್ಟ ವಿಧಾನ ಇದು. ಪಾತ್ರಕ್ಕೆ ಭಾವವನ್ನು ಅಂಟಿಸಲು ಹೋಗಬೇಡ, ಪಾತ್ರ ಇರುವ ಸನ್ನಿವೇಶವನ್ನು ಚೂರುಚೂರಾಗಿ ನಂಬು, ಭಾವ ಅದರ ಬೆನ್ನಿಗೆ ಬರುತ್ತದೆ ಎಂಬುದು ಅದರ ಸಾರ. ಭರತನ ನಾಟ್ಯಶಾಸ್ತ್ರ ಆಂಗಿಕ, ವಾಚಿಕ, ಆಹಾರ್ಯಗಳ ಜೊತೆ ಸಾತ್ವಿಕವನ್ನೂ ಹೇಳುತ್ತದೆ. ಬೆವರು, ನಡುಕ, ಕಣ್ಣೀರು ಇವೆಲ್ಲ ಮನಸ್ಸು ಒಂದೆಡೆ ನಿಂತಾಗ ಹುಟ್ಟುವಂಥವು. ಎರಡೂ ದಾರಿಗಳು ಈ ಖಾಲಿ ಕೊಡದ ಹತ್ತಿರ ಬಂದು ಕೂಡುವುದನ್ನು ನೋಡುವುದೇ ಒಂದು ಸಂತೋಷ.

ಈಗ ಒಬ್ಬ ಹುಡುಗನನ್ನು ಎದುರಿಗೆ ಕಳಿಸುತ್ತಾರೆ. ಅವನು ದಾರಿಹೋಕ, ಬಾಯಾರಿದ್ದಾನೆ, ನೀರು ಕೇಳಬೇಕು. ಅಷ್ಟು ಚೆನ್ನಾಗಿದ್ದ ದೃಶ್ಯ ಅಲ್ಲಿಗೆ ಕುಸಿಯುತ್ತದೆ. ಅವನು ಕೇಳಿ ಮುಗಿಸುವ ಮೊದಲೇ ಅವಳು ಕೊಡ ಬಗ್ಗಿಸಿಬಿಟ್ಟಿದ್ದಾಳೆ. ಅವಳು ಅವನ ಮಾತನ್ನು ಕೇಳಿಸಿಕೊಂಡೇ ಇಲ್ಲ, ತನ್ನ ಸರದಿಗಾಗಿ ಕಾಯುತ್ತಿದ್ದಳು. ಮತ್ತೆ ಮಾಡಿಸುತ್ತಾರೆ. ಈ ಸಲ ಅವನು ಮಾತು ಬದಲಿಸುತ್ತಾನೆ, ನೀರು ಕೇಳುವ ಬದಲು ಊರಿನ ದಾರಿ ಕೇಳುತ್ತಾನೆ. ಅವಳು ಒಂದು ಕ್ಷಣ ತಬ್ಬಿಬ್ಬಾಗಿ, ಅವನ ಒಣಗಿದ ತುಟಿ ನೋಡಿ, ದಾರಿ ಹೇಳದೆ ನೀರು ಕೊಡುತ್ತಾಳೆ. ಯಾರೂ ಬರೆದುಕೊಡದ ಆ ಒಂದು ನೋಟಕ್ಕೆ ಗೋಡೆಗೊರಗಿ ಕೂತವರೆಲ್ಲ ನೆಟ್ಟಗಾಗುತ್ತಾರೆ.

ಯಕ್ಷಗಾನದ ಕಲಿಕೆ ಇದೇ ಪಾಠವನ್ನು ಬೇರೆ ಬಾಗಿಲಿನಿಂದ ತರುತ್ತದೆ. ಮೊದಲು ತಾಳ, ತೊಡೆಯ ಮೇಲೆ ಕೈಯಿಂದ. ಆಮೇಲೆ ಹೆಜ್ಜೆ. ಚೆಂಡೆಯ ಪೆಟ್ಟಿಗೂ ಪಾದಕ್ಕೂ ಕೂದಲೆಳೆಯಷ್ಟು ಅಂತರ ಬಿದ್ದರೂ ಭಾಗವತರ ಹುಬ್ಬು ಏರುತ್ತದೆ. ಅಂಗಿ ಬೆನ್ನಿಗೆ ಅಂಟುವಷ್ಟು ಬೆವರು, ರಾತ್ರಿ ಮಲಗಿದರೆ ಕಾಲಿನ ಮೀನಖಂಡ ಸೆಳೆತ. ಆದರೆ ನಟನಿಗೆ ಯಕ್ಷಗಾನ ಕೊಡುವ ದೊಡ್ಡ ಉಡುಗೊರೆ ಕುಣಿತಕ್ಕಿಂತಲೂ ಅರ್ಥಗಾರಿಕೆ. ಬಾಯಿಪಾಠದ ಸಂಭಾಷಣೆ ಇಲ್ಲ. ಭಾಗವತರು ಹಾಡಿದ ಪದ್ಯವನ್ನು ಹಿಡಿದು, ಎದುರು ಪಾತ್ರ ಎತ್ತಿದ ಮಾತಿಗೆ ಆ ಗಳಿಗೆಯಲ್ಲೇ ಉತ್ತರ ಕಟ್ಟಬೇಕು. ವೇಷವೂ ಕುಣಿತವೂ ಇಲ್ಲದ ತಾಳಮದ್ದಳೆಯಲ್ಲಂತೂ ಇರುವುದೆಲ್ಲ ಮಾತೇ. ಎದುರಾಳಿಯ ಒಂದು ಪದ ಕಿವಿ ತಪ್ಪಿದರೆ ಕೃಷ್ಣನೂ ಸೋಲಬಹುದು. ಸಾಗರ, ಹೊಸನಗರದ ಹಳ್ಳಿಗಳಲ್ಲಿ ಬೆಳಗಿನವರೆಗೆ ಕೂತು ಇಂಥ ಪ್ರಸಂಗ ಕೇಳುವ ಕೃಷಿಕರು ಈಗಲೂ ಇದ್ದಾರೆ. ವಿದ್ಯಾರ್ಥಿಗಳು ಅವರ ನಡುವೆ ಕೂತು ಕೇಳುವುದೂ ಒಂದು ತರಗತಿಯೇ.

ಕೈಕೆಲಸದ ಬಗ್ಗೆ ಹೇಳದಿದ್ದರೆ ಚಿತ್ರ ಪೂರ್ತಿಯಾಗುವುದಿಲ್ಲ. ತಾಲೀಮಿನ ಜಾಗ ಗುಡಿಸುವವರು ಅಲ್ಲಿ ಅಭಿನಯಿಸುವವರೇ. ಗರಗಸ, ಸುತ್ತಿಗೆ, ಮೊಳೆ, ಗೋಂದು, ಹಳೆಯ ಸೀರೆ, ಗೋಣಿತಟ್ಟು. ಸಿಂಹಾಸನ ಬೇಕಾದರೆ ಹಲಗೆ ಕೊಯ್ಯಬೇಕು. ಲೈಟಿನ ಏಣಿ ಹತ್ತಿದವಳಿಗೆ ಮಾತ್ರ ಬೆಳಕಿನ ಬಿಸಿ ಮುಖದ ಮೇಲೆ ಎಲ್ಲಿ ಬೀಳುತ್ತದೆ ಎಂಬುದು ಗೊತ್ತಾಗುತ್ತದೆ. ಮುಂದೆ ರಂಗದ ಮೇಲೆ ಕಣ್ಣು ಕುಕ್ಕುವ ಬೆಳಕಿನಲ್ಲೂ ಅವಳು ತನ್ನ ಜಾಗ ಹುಡುಕಿಕೊಳ್ಳುತ್ತಾಳೆ. ಪ್ರಸಾಧನದ ಪಾಠದಲ್ಲಿ ಕನ್ನಡಿಯ ಮುಂದೆ ಗಂಟೆಗಟ್ಟಲೆ ಕೂತು ತಮ್ಮದೇ ಮುಖದ ಎಲುಬು ಎಲ್ಲಿದೆ, ನೆರಳು ಎಲ್ಲಿ ಬಿದ್ದರೆ ವಯಸ್ಸಾಗುತ್ತದೆ ಎಂದು ನೋಡುತ್ತಾರೆ. ಇಪ್ಪತ್ತರ ಹುಡುಗ ಎಪ್ಪತ್ತರ ಅಜ್ಜನಾಗಿ ಎದ್ದು ಬಂದು, "ನಮ್ಮಪ್ಪನ ಮುಖ ಬಂದ್ಬಿಡ್ತು" ಎಂದು ಮೆತ್ತಗೆ ಹೇಳುತ್ತಾನೆ.

ಸಂಜೆಯಾದ ಮೇಲೆ ನಾಟಕದ ತಾಲೀಮು. ಮೊದಲ ದಿನಗಳಲ್ಲಿ ಬರೀ ಓದು, ಸುತ್ತ ಕೂತು. ಪಾತ್ರ ಹಂಚಿದ ದಿನ ಕೆಲವರ ಮುಖ ಅರಳುತ್ತದೆ, ಕೆಲವರದು ಬಾಡುತ್ತದೆ. ರಾಜನಾಗಬೇಕೆಂದುಕೊಂಡವನಿಗೆ ಎರಡೇ ಮಾತಿನ ದ್ವಾರಪಾಲಕ. ಆ ದ್ವಾರಪಾಲಕ ಇಡೀ ಅಂಕ ನಿಂತೇ ಇರಬೇಕು, ಆಸ್ಥಾನದಲ್ಲಿ ನಡೆಯುವುದನ್ನು ಪ್ರತಿ ರಾತ್ರಿಯೂ ಹೊಸದಾಗಿ ಕೇಳಬೇಕು. ಅವನು ಬೇಸರದಿಂದ ಕಣ್ಣು ತೇಲಿಸಿದರೆ ರಾಜನ ಮಾತಿನ ತೂಕವೇ ಇಳಿದುಹೋಗುತ್ತದೆ. ನಾನು ಕಂಡ ಒಳ್ಳೆಯ ನಟರೆಲ್ಲ ಇಂಥ ಸಣ್ಣ ಪಾತ್ರಗಳನ್ನು ಪೂರ್ತಿ ಮನಸ್ಸಿಟ್ಟು ದಾಟಿದವರು. ನಟನಾಗಲು ಹೊರಟವರಿಗೆ ನಾನು ಕೊಡಬಹುದಾದ ಸಲಹೆ ಒಂದೇ ಆದರೆ ಅದು ಇದು: ಮಾತಿಲ್ಲದಾಗ ನೀವು ಏನು ಮಾಡುತ್ತಿದ್ದೀರಿ ಎಂಬುದನ್ನು ಗಮನಿಸಿ.

ಅಕ್ಟೋಬರ್ ಹೊತ್ತಿಗೆ ಮಳೆ ಹಿಂದೆ ಸರಿದು ಸಂಸ್ಕೃತಿ ಶಿಬಿರ ಬರುತ್ತದೆ. ಕವಿಗಳು, ವಿಮರ್ಶಕರು, ಚಿತ್ರ ನಿರ್ದೇಶಕರು, ಸಂಗೀತಗಾರರು, ನಾಡಿನ ಮೂಲೆಮೂಲೆಯ ಮೇಷ್ಟ್ರುಗಳು ಸೇರುತ್ತಾರೆ. ಹಗಲು ಚರ್ಚೆ, ರಾತ್ರಿ ನಾಟಕ. ಹಿಂದಿನ ರಾತ್ರಿ ಅಭಿನಯಿಸಿದವರು ಬೆಳಗ್ಗೆ ಅದೇ ನಾಟಕದ ಬಗ್ಗೆ ನೆರೆದವರು ಆಡುವ ಕಟು ಮಾತನ್ನೂ ಕೂತು ಕೇಳಬೇಕು. ಇಲ್ಲಿನ ಪ್ರೇಕ್ಷಕರನ್ನು ಮೆಚ್ಚಿಸುವುದು ಸುಲಭವಲ್ಲ. ತಲೆಮಾರುಗಳಿಂದ ಶೇಕ್ಸ್‌ಪಿಯರ್, ಕಾಳಿದಾಸ, ಬ್ರೆಕ್ಟ್‌ರನ್ನು ಕನ್ನಡದಲ್ಲಿ ನೋಡುತ್ತ ಬಂದ ಊರು ಇದು. ಮುಂದಿನ ಸಾಲಿನಲ್ಲಿ ಕೂತ ಅಡಿಕೆ ತೋಟದ ಅಜ್ಜ ತನ್ನ ಯೌವನದಲ್ಲಿ ಅದೇ ಪಾತ್ರ ಮಾಡಿದ್ದಿರಬಹುದು.

ವರ್ಷದ ಕಲಿಕೆ ಮುಗಿಸಿದವರಲ್ಲಿ ಕೆಲವರು ತಿರುಗಾಟಕ್ಕೆ ಆಯ್ಕೆಯಾಗುತ್ತಾರೆ. ವೃತ್ತಿ ಎಂಬ ಪದದ ತೂಕ ಹೆಗಲಿಗೆ ಬೀಳುವುದು ಆಗ. ಊರಿಂದೂರಿಗೆ ಪಯಣ, ಬೆನ್ನಿಗೆ ರಂಗಸಜ್ಜಿಕೆಯ ಲಾರಿ. ಇವತ್ತು ಸುಸಜ್ಜಿತ ರಂಗಮಂದಿರ, ನಾಳೆ ಮದುವೆ ಮಂಟಪ, ನಾಡಿದ್ದು ಶಾಲೆಯ ಬಯಲು. ಬಂದು ಇಳಿದವರೇ ಹಲಗೆ, ಪರದೆ, ಲೈಟುಗಳನ್ನು ಇಳಿಸುತ್ತಾರೆ. ಮಧ್ಯಾಹ್ನ ಖಾಲಿ ಸಭಾಂಗಣದ ನಡುವೆ ನಿಂತು ಒಬ್ಬ ಚಪ್ಪಾಳೆ ತಟ್ಟುತ್ತಾನೆ, ಪ್ರತಿಧ್ವನಿ ಎಷ್ಟು ಹೊತ್ತಿಗೆ ಮರಳುತ್ತದೆ ಎಂದು ಕೇಳಲು. ತಗಡಿನ ಛಾವಣಿಯಾದರೆ ಮಾತನ್ನು ತುಸು ನಿಧಾನಿಸಬೇಕು, ಬಯಲಾದರೆ ವ್ಯಂಜನಗಳನ್ನು ಕಡಿದು ಆಡಬೇಕು. ಒಂದೇ ನಾಟಕ, ಪ್ರತಿದಿನ ಬೇರೆ ಜನ. ಧಾರವಾಡದಲ್ಲಿ ಭೋರೆಂದು ನಗು ತಂದ ಮಾತಿಗೆ ಪುತ್ತೂರು ತಣ್ಣಗಿರಬಹುದು. ಜ್ವರವಿರಲಿ, ಊರಿಂದ ಕೆಟ್ಟ ಸುದ್ದಿ ಬಂದಿರಲಿ, ಆರೂವರೆಗೆ ಬಣ್ಣ, ಏಳಕ್ಕೆ ಮೊದಲ ಗಂಟೆ. ಆಟ ಮುಗಿದು, ಬಣ್ಣ ತೊಳೆದು, ಎಲ್ಲವನ್ನೂ ಬಿಚ್ಚಿ ಕಟ್ಟಿ ಲಾರಿಗೇರಿಸಿ ಊಟಕ್ಕೆ ಕೂರುವಾಗ ನಡುರಾತ್ರಿ. ಸಾಣೇಹಳ್ಳಿಯ ಶಿವಸಂಚಾರದ ಕಲಾವಿದರೂ ಹೀಗೆಯೇ ನಾಡು ಸುತ್ತುತ್ತಾರೆ. ಒಂದೇ ಪಾತ್ರವನ್ನು ಹತ್ತಾರು ಊರಿನಲ್ಲಿ ಮಾಡಿದವರಿಗೆ ಬರುವ ಪಳಗು ಬೇರೆ ಯಾವ ತರಬೇತಿಯಿಂದಲೂ ಬರುವುದಿಲ್ಲ ಎಂಬುದು ನನ್ನ ದೃಢ ನಂಬಿಕೆ.

ಅಲ್ಲಿಂದ ಮುಂದಿನ ಬಸ್ಸು ಬಹುಮಂದಿಗೆ ಬೆಂಗಳೂರಿನದು. ಅಚ್ಯುತ್ ಕುಮಾರ್, ಮಂಡ್ಯ ರಮೇಶ್, ಶಾಲೆಯ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಂಡ ನೀನಾಸಂ ಸತೀಶ್, ಇವರೆಲ್ಲ ಹೆಗ್ಗೋಡಿನಲ್ಲಿ ಕಲಿತು ಹೋದವರು. ಮಂಡ್ಯ ರಮೇಶ್ ಮೈಸೂರಿನಲ್ಲಿ 'ನಟನ' ಕಟ್ಟಿ ತಾವೇ ಹೊಸಬರನ್ನು ತಯಾರು ಮಾಡುತ್ತಿದ್ದಾರೆ. ಆದರೆ ಕ್ಯಾಮೆರಾ ಇನ್ನೊಂದು ಶಿಸ್ತು ಬೇಡುತ್ತದೆ. ಕೊನೆಯ ಸಾಲಿಗೆ ತಲುಪಿಸಲು ಕಲಿತ ಧ್ವನಿಯನ್ನು ಈಗ ಎದೆಗೆ ಸಿಕ್ಕಿಸಿದ ಮೈಕಿಗೆ ಇಳಿಸಬೇಕು. ಹುಬ್ಬು ಒಂದು ಗೆರೆ ಹೆಚ್ಚು ಎದ್ದರೂ ಕ್ಲೋಸಪ್ಪಿನಲ್ಲಿ ಅದು ಕೂಗಾಟವಾಗುತ್ತದೆ. ಕಥೆಯ ಕೊನೆಯ ದೃಶ್ಯ ಮೊದಲ ದಿನವೇ ಚಿತ್ರೀಕರಣವಾಗಬಹುದು. ಧಾರಾವಾಹಿಯ ಸೆಟ್ಟಿನಲ್ಲಿ ಎದುರು ಪಾತ್ರಧಾರಿ ಬೇರೆಲ್ಲೋ ಇದ್ದು, ಸಹಾಯಕ ನಿರ್ದೇಶಕ ಕ್ಯಾಮೆರಾ ಪಕ್ಕ ನಿಂತು ಆ ಮಾತುಗಳನ್ನು ಒಂದೇ ಸಮನೆ ಓದುತ್ತಿರುತ್ತಾನೆ. ಆ ಬಣ್ಣವಿಲ್ಲದ ಓದಿನಲ್ಲೂ ಅಮ್ಮನ ದನಿ ಕೇಳಿಸಿಕೊಂಡು ಕಣ್ಣು ತುಂಬಿಕೊಳ್ಳಬೇಕು. ಖಾಲಿ ಕೊಡದ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಆಡಿಷನ್‌ಗಳ ಓಡಾಟ, ಬಾಡಿಗೆ ರೂಮು, ಫೋನಿಗಾಗಿ ಕಾಯುವುದು, ಇವೂ ತಯಾರಿಯ ಭಾಗ. ಎಳೆಯರಿಗೆ ಒಂದು ಮಾತು ಒತ್ತಿ ಹೇಳಬೇಕು. ಪಾತ್ರ ಕೊಡಿಸುತ್ತೇನೆ, ಮೊದಲು ಇಷ್ಟು ಹಣ ಕಟ್ಟು ಎನ್ನುವವರ ಬಳಿ ಪಾತ್ರವಿರುವುದಿಲ್ಲ. ಕೆಲಸ ಮಾಡಿದ ನಟನಿಗೆ ಹಣ ಬರಬೇಕು, ನಟನಿಂದ ಹೋಗಬಾರದು.

ಎಲ್ಲರೂ ಪರದೆಯ ಮೇಲೆ ಕಾಣುವುದಿಲ್ಲ. ಮೈಸೂರು, ಧಾರವಾಡ, ಶಿವಮೊಗ್ಗ, ಕಲಬುರಗಿಯ ರಂಗಾಯಣಗಳಲ್ಲಿ ಕೆಲವರು ಕಲಾವಿದರಾಗುತ್ತಾರೆ. ಶಾಲೆಗಳಲ್ಲಿ ನಾಟಕ ಕಲಿಸುವವರು, ಬೇಸಿಗೆ ಶಿಬಿರ ನಡೆಸುವವರು, ಡಬ್ಬಿಂಗಿಗೆ ದನಿ ಕೊಡುವವರು, ಬೆಳಕಿನ ವಿನ್ಯಾಸ ಮಾಡುವವರು, ತಮ್ಮೂರಿಗೇ ಮರಳಿ ತಂಡ ಕಟ್ಟಿದವರು ಬಹಳ ಇದ್ದಾರೆ. ಒಬ್ಬನೇ ಮನುಷ್ಯ ಇವುಗಳಲ್ಲಿ ಮೂರು ನಾಲ್ಕನ್ನು ಒಟ್ಟಿಗೆ ಮಾಡಿ ಸಂಸಾರ ನಡೆಸುವುದೇ ಹೆಚ್ಚು. ಸಂದರ್ಶನದ ದಿನ ಮಗಳ ಜೊತೆ ದೂರದಿಂದ ಬರುವ ಅಪ್ಪಂದಿರಿಗೆ ಈ ವಿಷಯವನ್ನು ಮುಚ್ಚಿಡದೆ ಹೇಳಬೇಕು. ಹೇಳಿದರೆ ಅವರು ಒಪ್ಪುತ್ತಾರೆ. ಹೊಲ ಮಾಡುವವರಿಗೆ ವರ್ಷದ ಆದಾಯ ಒಂದೇ ಸಮ ಇರುವುದಿಲ್ಲ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

"ಹತ್ತು ತಿಂಗಳು ಇಲ್ಲೇ ಇರ್ಬೇಕೇನ್ರಿ? ಊಟ, ವಸತಿ ಎಲ್ಲಾ ಇಲ್ಲೇನ?" ಎಂದು ಅಂಥ ಒಬ್ಬರು ವಿಚಾರಿಸುತ್ತಾರೆ. ಹೌದೆಂದು ತಿಳಿದ ಮೇಲೆ ಮಗಳ ಕಡೆ ತಿರುಗುತ್ತಾರೆ. "ಮಳಿ ಭಾಳ ಐತಿ ಅಂತಾರವ್ವಾ ಇಲ್ಲಿ. ಸ್ವೆಟರ್ ಎರಡು ತಗೋಬೇಕಾಗತೈತಿ, ನಡಿ, ಸಾಗರ ಪ್ಯಾಟ್ಯಾಗ ನೋಡೂಣು."